ಪಾಪರ್ ಚೀಟಿಯಿಂದ ಏನು ಉಳಿಯುತ್ತದೆ, ಏನು ಹೋಗುತ್ತದೆ

ಹುಣಸೂರು ಉಪವಿಭಾಗಕ್ಕೆ ಸೇರಿದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಸಾಲ ಒಂದೇ ಕಡೆಯಿಂದ ಬಂದಿರುವುದು ಅಪರೂಪ. ಸೊಸೈಟಿಯ ಬೆಳೆಸಾಲ, ಬ್ಯಾಂಕಿನ ಒಡವೆ ಸಾಲ, ಮಹಿಳಾ ಸಂಘದ ವಾರದ ಕಂತು, ಪ್ರೊನೋಟು ಬರೆದುಕೊಟ್ಟು ತಂದ ಕೈಸಾಲ ಎಲ್ಲವೂ ಒಂದೇ ಮನೆಯ ಮೇಲೆ ಬಿದ್ದಿರುತ್ತವೆ. ತಂಬಾಕು ಬೆಳೆಗಾರರ ಬ್ಯಾಂಕ್ ಸಾಲವನ್ನು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಂಥ ಹರಾಜು ಮಾರುಕಟ್ಟೆಗಳ ಹಣದಲ್ಲಿಯೇ ಮುರಿದುಕೊಳ್ಳುವ ಪದ್ಧತಿ ಇರುವುದರಿಂದ, ದರ ಕುಸಿದ ವರ್ಷ ಕೈಸಾಲ ತೀರಿಸಲು ಏನೂ ಮಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಪಾಪರ್ ಚೀಟಿಯ, ಅಂದರೆ ನ್ಯಾಯಾಲಯದಿಂದ ದಿವಾಳಿಯೆಂದು ಘೋಷಿಸಿಕೊಳ್ಳುವ, ಮಾತು ಬರುತ್ತದೆ. ಅದನ್ನು ಪಡೆದರೆ ಸಾಲವೆಲ್ಲ ಮನ್ನಾ ಆಗುತ್ತದೆಂಬ ನಂಬಿಕೆಯೂ ಜೊತೆಗೇ ಬರುತ್ತದೆ. ಆ ನಂಬಿಕೆ ಅರ್ಧ ಮಾತ್ರ ಸರಿ.

ವ್ಯಕ್ತಿಯೊಬ್ಬ ದಿವಾಳಿಯೆಂದು ಘೋಷಿಸಿಕೊಳ್ಳಲು ಇಲ್ಲಿ ಇಂದಿಗೂ ಆಧಾರವಾಗಿರುವುದು 1920ರ ಪ್ರಾಂತೀಯ ದಿವಾಳಿ ಅಧಿನಿಯಮ. ಇದರ ಅಧಿಕಾರ ಜಿಲ್ಲಾ ನ್ಯಾಯಾಲಯದ್ದಾಗಿದ್ದು, ಸರ್ಕಾರ ಅಧಿಸೂಚನೆಯ ಮೂಲಕ ಕೆಳಗಿನ ನ್ಯಾಯಾಲಯಗಳಿಗೂ ಅದನ್ನು ಕೊಡಬಹುದು. ಸಾಲ ತೀರಿಸಲಾಗದವನ ಸಾಲದ ಮೊತ್ತ 500 ರೂಪಾಯಿ ಇದ್ದರೆ, ಅಥವಾ ಡಿಕ್ರಿಯ ಜಾರಿಯಲ್ಲಿ ಆತ ಬಂಧಿತನಾಗಿದ್ದರೆ, ಇಲ್ಲವೇ ಆಸ್ತಿ ಜಪ್ತಿಯಾಗಿದ್ದರೆ ಅರ್ಜಿ ಹಾಕಬಹುದೆಂದು ಮೂಲ ಶಾಸನ ಹೇಳುತ್ತದೆ. 500 ರೂಪಾಯಿಯ ಈ ಮಿತಿ ಕಾನೂನಿನ ವಯಸ್ಸನ್ನು ತಾನೇ ಹೇಳಿಕೊಳ್ಳುತ್ತದೆ.

ಅರ್ಜಿಯ ಜೀವಾಳ ಅದರೊಳಗಿನ ಪಟ್ಟಿ. ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಾಸಸ್ಥಳ ಮತ್ತು ಬಾಕಿ, ಅರ್ಜಿದಾರನ ಪ್ರತಿಯೊಂದು ಸ್ವತ್ತಿನ ಬೆಲೆ ಮತ್ತು ಅದಿರುವ ಜಾಗ ಇವನ್ನೆಲ್ಲ ಬರೆದು, ಆ ಸ್ವತ್ತನ್ನು ನ್ಯಾಯಾಲಯದ ವಶಕ್ಕೆ ಒಪ್ಪಿಸಲು ಸಿದ್ಧನೆಂದು ಹೇಳಬೇಕು. ದಿವಾಳಿ ಘೋಷಣೆಯಾದ ಮೇಲೆ ಜಮೀನೂ ನಿವೇಶನವೂ ನ್ಯಾಯಾಲಯಕ್ಕೆ ಅಥವಾ ಅದು ನೇಮಿಸುವ ರಿಸೀವರ್‌ಗೆ, ಅಂದರೆ ಆಸ್ತಿಯನ್ನು ವಶಕ್ಕೆ ಪಡೆದು ಮಾರಿ ಸಾಲ ಕೊಟ್ಟವರಿಗೆ ಹಂಚುವ ಅಧಿಕಾರಿಗೆ, ಸೇರುತ್ತವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಜಪ್ತಿಯಿಂದ ಹೊರಗಿಟ್ಟ ವಸ್ತುಗಳು ಮಾತ್ರ ಮನೆಯವರಲ್ಲೇ ಉಳಿಯುತ್ತವೆ: ಉಡುವ ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ, ಧರ್ಮಾಚಾರದಂತೆ ಹೆಣ್ಣು ತೆಗೆದಿಡಲಾಗದ ಒಡವೆ, ಕಸುಬುದಾರನ ಹತ್ಯಾರು, ಬೇಸಾಯಗಾರನ ಜೀವನಕ್ಕೆ ಅಗತ್ಯವೆಂದು ನ್ಯಾಯಾಲಯಕ್ಕೆ ತೋರುವ ನೇಗಿಲು, ದನ, ಬಿತ್ತನೆ ಬೀಜ, ಮತ್ತು ಆತ ವಾಸವಿರುವ ಮನೆ. ಹೊಲ ಈ ಪಟ್ಟಿಯಲ್ಲಿಲ್ಲ. ಅಡಮಾನವಿಟ್ಟ ಆಸ್ತಿಯ ಮೇಲೆ ಬ್ಯಾಂಕಿಗಿರುವ ಹಕ್ಕನ್ನೂ ದಿವಾಳಿ ಘೋಷಣೆ ಮುಟ್ಟುವುದಿಲ್ಲ.

ಜೈಲಿನ ಭಯ ಮಾತ್ರ ಬಹುಮಟ್ಟಿಗೆ ಅನಗತ್ಯ. ತೀರಿಸುವ ಶಕ್ತಿಯಿಲ್ಲದವನನ್ನು ಬಡತನವೊಂದರ ಕಾರಣಕ್ಕೆ ಸಿವಿಲ್ ಜೈಲಿಗೆ ಕಳಿಸಲಾಗದೆಂದು ಸುಪ್ರೀಂ ಕೋರ್ಟ್ 1980ರಲ್ಲಿ, ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ, ಸ್ಪಷ್ಟಪಡಿಸಿತು. ಆದರೆ ಆಸ್ತಿ ಬಚ್ಚಿಟ್ಟವನಿಗೆ 1920ರ ಕಾನೂನಿನಲ್ಲೇ ಒಂದು ವರ್ಷದವರೆಗೆ ಸಜೆಯುಂಟು. ಅರ್ಜಿಗೆ ಮುನ್ನ ಜಮೀನನ್ನು ಬಾಮೈದನ ಹೆಸರಿಗೆ ಮಾಡಿಟ್ಟರೆ ಸಾಕೆಂಬ ಸಲಹೆಯಂತೂ ಅಪಾಯಕಾರಿ. ತಕ್ಕ ಬೆಲೆ ಪಡೆಯದೆ, ಪ್ರಾಮಾಣಿಕ ಉದ್ದೇಶವಿಲ್ಲದೆ ಮಾಡಿದ ವರ್ಗಾವಣೆಯಾದ ಎರಡು ವರ್ಷದೊಳಗೆ ಅರ್ಜಿ ಬಂದು ದಿವಾಳಿ ಘೋಷಣೆಯಾದರೆ ಅದನ್ನು ನ್ಯಾಯಾಲಯ ರದ್ದುಮಾಡಬಹುದು.

ದಿವಾಳಿ ಘೋಷಣೆ ಬೇರೆ, ಋಣಮುಕ್ತಿ ಬೇರೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ನ್ಯಾಯಾಲಯ ಗೊತ್ತುಮಾಡಿದ ಅವಧಿಯೊಳಗೆ ಋಣಮುಕ್ತಿಗಾಗಿ ಮತ್ತೆ ಅರ್ಜಿ ಸಲ್ಲಿಸಬೇಕು. ಅದು ಸಿಗುವವರೆಗೆ ಆತ ಸ್ಥಳೀಯ ಸಂಸ್ಥೆಗೆ ಚುನಾಯಿತನಾಗುವಂತಿಲ್ಲ, ಸಂವಿಧಾನದ 191ನೇ ವಿಧಿಯಂತೆ ಶಾಸಕನೂ ಆಗುವಂತಿಲ್ಲ. ಸಿಕ್ಕ ಮೇಲೂ ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ಮೋಸದಿಂದ ತಂದ ಸಾಲ ಮತ್ತು ಹೆಂಡತಿ ಮಕ್ಕಳ ಜೀವನಾಂಶ ತಲೆಯ ಮೇಲೇ ಉಳಿಯುತ್ತವೆ. ಜಾಮೀನು ಹಾಕಿದವರಿಗೂ ಬಿಡುಗಡೆಯಿಲ್ಲ. ಒಬ್ಬರ ಕಂತಿಗೆ ಗುಂಪೆಲ್ಲ ಹೊಣೆಯಾಗುವ ಸಂಘದ ಸಾಲಗಳಲ್ಲಿ ಒಬ್ಬರು ದಿವಾಳಿಯಾದರೆ ಭಾರ ನೆರೆಮನೆಯವರತ್ತ ಸರಿಯುವುದು ಇದೇ ಕಾರಣಕ್ಕೆ, ಮತ್ತು ಹಳ್ಳಿಯ ಮಟ್ಟಿಗೆ ಈ ಕಾನೂನಿನ ದೊಡ್ಡ ಕೊರತೆ ಇದೇ.

ಈ ಭಾಗದ ಬಡವರಿಗೆ ನೆರವಾಗಲೆಂದು ಬಂದ ಶಾಸನಗಳು ಬೇರೆಯೇ ಜಾತಿಯವು. ಹುಣಸೂರು ಕ್ಷೇತ್ರವನ್ನು ಪ್ರತಿನಿಧಿಸಿದ್ದ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಬಂದ 1976ರ ಋಣಪರಿಹಾರ ಅಧಿನಿಯಮ ಸಣ್ಣ ರೈತರ, ಭೂಹೀನ ಕೂಲಿಕಾರರ ಖಾಸಗಿ ಸಾಲವನ್ನು ಅಳಿಸಿ, ಗಿರವಿಯ ವಸ್ತುವನ್ನು ಹಿಂದಿರುಗಿಸಲು ಹೇಳಿತು. 2019ರಲ್ಲಿ ಜಾರಿಗೆ ಬಂದ ಇಂಥದೇ ಕಾಯ್ದೆ ಉಪವಿಭಾಗಾಧಿಕಾರಿಗೆ ಅರ್ಜಿ ಸಲ್ಲಿಸಲು 90 ದಿನವಷ್ಟೇ ಕೊಟ್ಟಿತ್ತು. 2025ರ ಫೆಬ್ರುವರಿಯ ಕಿರುಸಾಲ ಸುಗ್ರೀವಾಜ್ಞೆ ವಸೂಲಿಯ ಕಿರುಕುಳವನ್ನು ಅಪರಾಧವಾಗಿಸಿತು. ನೋಂದಣಿಯಿಲ್ಲದವರು ಕೊಟ್ಟ ಸಾಲವನ್ನು ತೀರಿದಂತೆಯೇ ಎಣಿಸಿತು.

2016ರ ದಿವಾಳಿ ಸಂಹಿತೆಯಲ್ಲಿ, ವರ್ಷಕ್ಕೆ 60,000 ರೂಪಾಯಿ ಮೀರದ ವರಮಾನ, 20,000 ಮೀರದ ಆಸ್ತಿ, 35,000 ಮೀರದ ಸಾಲ ಇರುವವರಿಗೆ ಹೊಸದಾಗಿ ಬದುಕು ಆರಂಭಿಸುವ ಸರಳ ವಿಧಾನವೊಂದಿದೆ. ಆದರೆ ಆ ವಿಧಾನ ಇನ್ನೂ ಜಾರಿಗೆ ಬಂದಿಲ್ಲ; ವ್ಯಕ್ತಿಗಳ ದಿವಾಳಿಗೆ ಸಂಬಂಧಿಸಿದ ಉಳಿದ ವಿಧಿಗಳೂ 2019ರ ಡಿಸೆಂಬರ್‌ನಿಂದ ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಗಿವೆ. ಆ ಸರಳ ವಿಧಾನ ಜಾರಿಗೆ ಬಂದರೂ, ಸ್ವಂತ ವಾಸದ ಮನೆ ಇರಬಾರದೆಂಬ ಷರತ್ತು ಅದರಲ್ಲಿರುವುದರಿಂದ, ಜನತಾ ಮನೆಯೊಂದನ್ನು ಪಡೆದ ಕೂಲಿಕಾರನೂ ಅದರ ಹೊರಗೇ ಉಳಿಯುತ್ತಾನೆ.