ನೀರಿನಾಳದ ಜಾಯಿಂಟು

ಬಯಲುಸೀಮೆಯ ತೋಟದಲ್ಲಿ ಬೋರ್‌ವೆಲ್ ನೀರೆತ್ತುವುದನ್ನು ನಿಲ್ಲಿಸಿದರೆ ಮೊದಲು ಬರುವ ಮಾತು ‘ಮೋಟರು ಸುಟ್ಟಿರಬೇಕು’ ಎಂಬುದು. ಚೈನ್ ಪುಲ್ಲಿ ಕಟ್ಟಿ, ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ಮೇಲೆತ್ತಿದರೆ ಎಷ್ಟೋ ಸಲ ವೈಂಡಿಂಗ್ ನೆಟ್ಟಗೇ ಇರುತ್ತದೆ. ಕೆಟ್ಟಿರುವುದು ಅದರ ನೆತ್ತಿಯ ಮೇಲಿನ ಕೇಬಲ್ ಜಾಯಿಂಟು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿವೆ. ಅಷ್ಟು ಆಳಕ್ಕೆ ಇಳಿದ ಜಾಯಿಂಟನ್ನು ಮತ್ತೆ ಕಣ್ಣಲ್ಲಿ ನೋಡಬೇಕೆಂದರೆ ಇಡೀ ಸರಂಜಾಮನ್ನು ಮೇಲೆತ್ತಲೇಬೇಕು. ಅದಕ್ಕೆ ಸಾವಿರಗಟ್ಟಲೆ ಖರ್ಚು, ಬೆಳೆಗೆ ನೀರಿಲ್ಲದ ದಿನಗಳು ಬೇರೆ.

ಸಬ್‌ಮರ್ಸಿಬಲ್ ಮೋಟರಿನ ಜೊತೆ ಕಂಪನಿಯವರು ಕೊಡುವುದು ಮೂರು ಎಳೆಯ ಗಿಡ್ಡ ಕೇಬಲು ಮಾತ್ರ. ಬಾವಿಯ ಆಳಕ್ಕೆ ತಕ್ಕಂತೆ ಉದ್ದದ ಚಪ್ಪಟೆ ಕೇಬಲನ್ನು ನಾವೇ ಕೊಂಡು, ಬಾವಿಯ ಬಾಯಲ್ಲಿ ಕೂತು ಅದಕ್ಕೆ ಸೇರಿಸಬೇಕು. ಈ ಸೇರಿಕೆ ಎರಡು ಕೆಲಸ ಮಾಡಬೇಕು: ಕರೆಂಟನ್ನು ತಡೆಯಿಲ್ಲದೆ ಬಿಡಬೇಕು, ನೀರನ್ನು ಸ್ವಲ್ಪವೂ ಬಿಡಬಾರದು.

ಮೊದಲನೆಯದು ತಾಮ್ರದ ವಿಷಯ. ಎರಡು ತಂತಿಗಳನ್ನು ಕೈಯಲ್ಲಿ ಹೊಸೆದು ಬಿಟ್ಟರೆ ಎಳೆಗಳು ಅಲ್ಲಲ್ಲಿ ಚುಕ್ಕಿಗಳಷ್ಟೇ ತಾಗುತ್ತವೆ. ಉಳಿದ ಕಡೆ ತಾಮ್ರದ ಮೇಲಿನ ಆಕ್ಸೈಡ್ ಪದರ ಅಡ್ಡ ನಿಲ್ಲುತ್ತದೆ. 5 ಎಚ್‌ಪಿ ಮೋಟರು ಓಡುವಾಗ ಸುಮಾರು 8 ಆಂಪಿಯರ್ ಎಳೆಯುತ್ತದೆ. ಜಾಯಿಂಟಿನಲ್ಲಿ ಬರೀ 0.1 ಓಮ್ ತಡೆಯಿದ್ದರೂ ಅಲ್ಲಿ 6.4 ವಾಟ್ ಬಿಸಿ ಹುಟ್ಟುತ್ತದೆ. ಮೋಟರು ಹೊರಡುವ ಕ್ಷಣ ಕರೆಂಟು ಐದು ಪಟ್ಟಾಗಿ 40 ಆಂಪಿಯರ್ ಹರಿದರೆ ಬಿಸಿ ಇಪ್ಪತ್ತೈದು ಪಟ್ಟು ಏರಿ 160 ವಾಟ್ ಮುಟ್ಟುತ್ತದೆ. ಬಿಸಿಯಾಗಿ ಹಿಗ್ಗುವುದು, ತಣಿದು ಕುಗ್ಗುವುದು ದಿನವೂ ನಡೆದು ಹೊಸೆತ ಸಡಿಲವಾಗುತ್ತದೆ, ತಡೆ ಇನ್ನೂ ಹೆಚ್ಚುತ್ತದೆ. ಮೂರರಲ್ಲಿ ಒಂದು ಫೇಸು ಕಡಿದುಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು, ಆಗ ಮೋಟರು ನಿಜವಾಗಿಯೂ ಸುಡುತ್ತದೆ.

ಆದ್ದರಿಂದ ತಾಮ್ರವನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ತಾಮ್ರದ ಕೊಳವೆಯೊಳಗೆ ಎರಡೂ ತುದಿ ತೂರಿಸಿ, ಕ್ರಿಂಪಿಂಗ್ ಇಕ್ಕಳದಿಂದ ಒತ್ತುತ್ತಾರೆ. ಆ ಒತ್ತಡಕ್ಕೆ ಎಳೆಗಳು ಚಪ್ಪಟೆಯಾಗಿ, ಆಕ್ಸೈಡ್ ಒಡೆದು, ಲೋಹಕ್ಕೆ ಲೋಹ ಬೆಸೆದಂತೆ ಕೂಡುತ್ತದೆ. ಮಾಮೂಲಿ ಇಕ್ಕಳದಲ್ಲಿ ಚಪ್ಪಟೆ ಮಾಡಿದರೆ ಈ ಫಲ ಸಿಗದು. ಮೂರು ಎಳೆಗಳ ಜಾಯಿಂಟುಗಳೂ ಒಂದೇ ಮಟ್ಟದಲ್ಲಿ ಇರಬಾರದು. ಎರಡು ಮೂರು ಇಂಚು ಹಿಂದೆ ಮುಂದೆ ಇಟ್ಟರೆ ಗಂಟು ದಪ್ಪವಾಗುವುದಿಲ್ಲ, ಒಂದು ಸೋರಿದರೂ ಪಕ್ಕದ ಫೇಸಿಗೆ ತಾಗುವ ಅಪಾಯ ಕಡಿಮೆ. ಬಣ್ಣಕ್ಕೆ ಬಣ್ಣ ಸೇರಿಸಬೇಕು. ಎರಡು ಫೇಸು ಅದಲುಬದಲಾದರೆ ಮೋಟರು ಉಲ್ಟಾ ತಿರುಗಿ ನೀರು ಕಡಿಮೆ ಕೊಡುತ್ತದೆ.

ಇಷ್ಟೆಲ್ಲ ಕೆಲಸಕ್ಕೂ ಮುಂಚೆ ಸ್ಟಾರ್ಟರಿನ ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ತ್ರೀ ಫೇಸ್ ಬಂದ ಕೂಡಲೇ ತಾನಾಗಿ ಚಾಲೂ ಆಗುವ ಆಟೋ ಸ್ಟಾರ್ಟರು ಈಗ ಬಹಳ ಕಡೆ ಇದೆ. ಕರೆಂಟಿಲ್ಲವೆಂದು ನಂಬಿ ಬರಿಗೈಯಲ್ಲಿ ತಂತಿ ಹಿಡಿದವನಿಗೆ ಅದಕ್ಕಿಂತ ದೊಡ್ಡ ಗಂಡಾಂತರ ಬೇರೆ ಇಲ್ಲ.

ಎರಡನೆಯ ಕೆಲಸ ಇನ್ನೂ ಕಷ್ಟದ್ದು. ಪ್ರತಿ 10 ಮೀಟರ್ ನೀರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. ಮೇಲೆ 100 ಮೀಟರ್ ನೀರು ನಿಂತರೆ ಜಾಯಿಂಟಿನ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 10 ಕೆಜಿ ಭಾರ. ಪಂಪು ಓಡಿದಾಗ ನೀರು ಕೆಳಗಿಳಿದು ಒತ್ತಡ ತಗ್ಗುತ್ತದೆ, ನಿಂತಾಗ ಏರುತ್ತದೆ. ಸುತ್ತಿದ ಟೇಪಿನೊಳಗೆ ಗಾಳಿ ಉಳಿದಿದ್ದರೆ, ಬಿಸಿಗೆ ಹಿಗ್ಗಿದ ಆ ಗಾಳಿ ತಣಿಯುವಾಗ ಸಂದಿನಿಂದ ನೀರನ್ನು ಒಳಗೆಳೆಯುತ್ತದೆ. ಒಳಗೆ ಬಂದ ನೀರು ತಂತಿಯ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ, ಕೇಬಲಿನೊಳಗೂ ಹಬ್ಬುತ್ತದೆ. ಬೋರ್‌ವೆಲ್ ನೀರಲ್ಲಿ ಲವಣಗಳಿರುವುದರಿಂದ ಅದು ಕರೆಂಟನ್ನು ಸಲೀಸಾಗಿ ಸಾಗಿಸುತ್ತದೆ.

ಅಂಗಡಿಯ ಮಾಮೂಲಿ ಇನ್ಸುಲೇಷನ್ ಟೇಪು ಅಂಟಿಕೊಂಡಿರುವುದು ಬರೀ ಗೋಂದಿನಿಂದ. ನೀರಲ್ಲಿ ನೆನೆದರೆ ಬಿಟ್ಟುಕೊಳ್ಳುತ್ತದೆ. ಇದಕ್ಕಾಗಿಯೇ ಇರುವ ರಬ್ಬರ್ ಟೇಪಿನಲ್ಲಿ ಗೋಂದಿಲ್ಲ. ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿದು, ಚೆನ್ನಾಗಿ ಹಿಗ್ಗಿಸಿ, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಸುತ್ತಿದರೆ ಪದರಗಳು ಒಂದಕ್ಕೊಂದು ಬೆರೆತು ಒಂದೇ ರಬ್ಬರ್ ಮುದ್ದೆಯಾಗುತ್ತವೆ. ಮಾಮೂಲಿ ಟೇಪು ಅದರ ಮೇಲೆ ಕಾವಲಿಗೆ. ಶಾಖಕ್ಕೆ ಕುಗ್ಗುವ ಸ್ಲೀವು ಹಾಕುವುದಾದರೆ ತಂತಿ ಸೇರಿಸುವ ಮುಂಚೆಯೇ ಅದನ್ನು ಎಳೆಗೆ ಪೋಣಿಸಿರಬೇಕು. ಜ್ವಾಲೆಯನ್ನು ನಡುವಿನಿಂದ ತುದಿಗಳ ಕಡೆಗೆ ಆಡಿಸುತ್ತ ಹೋದರೆ ಗಾಳಿ ಹೊರಹೋಗುತ್ತದೆ. ಒಂದೇ ಕಡೆ ಹಿಡಿದರೆ ಪಿವಿಸಿ ಕರಿಕಾಗುತ್ತದೆ. ಒಳಗಿನ ಅಂಟು ಕರಗಿ ಎರಡೂ ಅಂಚಿನಲ್ಲಿ ಸಣ್ಣ ಉಂಗುರದಂತೆ ಇಣುಕಿದಾಗ ಬಾಯಿ ಮುಚ್ಚಿತೆಂದು ಅರ್ಥ.

ಈ ವಿದ್ಯೆ ಹೊಸತೇನಲ್ಲ. 1865ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಹಾಸುತ್ತಿದ್ದ ಟೆಲಿಗ್ರಾಫ್ ಕೇಬಲು ನಡುವೆ ತುಂಡಾಗಿ ತಳ ಸೇರಿತು. ಮರುವರ್ಷ ‘ಗ್ರೇಟ್ ಈಸ್ಟರ್ನ್’ ಹಡಗಿನವರು ಕಿಲೋಮೀಟರುಗಟ್ಟಲೆ ಆಳದಿಂದ ಅದರ ತುದಿಯನ್ನು ಕೊಕ್ಕೆಯಲ್ಲಿ ಎತ್ತಿ, ಹಡಗಿನ ಮೇಲೇ ಹೊಸ ಕೇಬಲಿಗೆ ಸೇರಿಸಿ ದಡ ಮುಟ್ಟಿಸಿದರು. ಅವರ ಕೈಯಲ್ಲಿದ್ದದ್ದು ಗಟ್ಟಾಪರ್ಚಾ ಎಂಬ ಮರದ ಅಂಟು. ಬೆಚ್ಚಗೆ ಮಾಡಿ ಅದುಮಿದರೆ ಅದು ಕೇಬಲಿನ ಹೊದಿಕೆಯ ಜೊತೆ ಒಂದಾಗುತ್ತಿತ್ತು. ನಮ್ಮ ರಬ್ಬರ್ ಟೇಪು ಮಾಡುವುದೂ ಅದನ್ನೇ.

ಮುಗಿದ ಜಾಯಿಂಟನ್ನು ನೇರ ಬಾವಿಗೆ ಬಿಡುವ ಅವಸರ ನನಗೆ ಹಿಡಿಸದು. ಅದನ್ನು ಬಕೆಟ್ ನೀರಲ್ಲಿ ಮುಳುಗಿಸಿ, ಇನ್ಸುಲೇಷನ್ನಿನ ತಡೆ ಅಳೆಯುವ 500 ವೋಲ್ಟಿನ ಮೆಗ್ಗರಿನ ಒಂದು ತಂತಿಯನ್ನು ಕೇಬಲಿನ ತಾಮ್ರಕ್ಕೆ, ಇನ್ನೊಂದನ್ನು ನೀರಿಗೆ ಹಿಡಿಯಬೇಕು. ಒಣಗಿದ್ದಾಗ ಬಂದ ಅಳತೆ ನೀರಲ್ಲಿ ಕುಸಿದರೆ ಎಲ್ಲೋ ಸೋರಿಕೆಯಿದೆ. ಇಳಿಸುವಾಗ ಜಾಯಿಂಟು ಪೈಪಿನ ಕಪ್ಲಿಂಗ್ ಪಕ್ಕಕ್ಕೆ ಬಾರದಂತೆ ಕಟ್ಟಬೇಕು. ಸಂದು ಕಿರಿದಾಗುವ ಆ ಜಾಗದಲ್ಲೇ ಅದು ಬಾವಿಯ ಗೋಡೆಗೆ ಉಜ್ಜುವುದು. ಐದಾರು ಪೈಪು ಇಳಿದಾಗೊಮ್ಮೆ ಮತ್ತೆ ಮೆಗ್ಗರ್ ಹಿಡಿದು ನೋಡಿದರೆ, ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಗ ಮೇಲೆತ್ತಬೇಕಾದದ್ದು ಅಷ್ಟೇ ಪೈಪುಗಳನ್ನು.