ನಿಮ್ಮದೇ ಜಾಗಕ್ಕೆ ನೂರು ಪೌಂಡ್

ಇಂಗ್ಲೆಂಡಿನ ಒಂದು ಊರಿನ ಅಪಾರ್ಟ್‌ಮೆಂಟನ್ನು ಕಣ್ಣ ಮುಂದೆ ತಂದುಕೊಳ್ಳೋಣ. 14ನೇ ನಂಬರಿನ ಫ್ಲ್ಯಾಟಿಗೆ 14ನೇ ನಂಬರಿನ ಪಾರ್ಕಿಂಗ್ ಜಾಗ; ನೆಲದ ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಬರೆದಿದೆ. ಅಲ್ಲಿ ಬಾಡಿಗೆಗಿರುವ ನರ್ಸ್ ಒಬ್ಬರು ರಾತ್ರಿ ಪಾಳಿ ಮುಗಿಸಿ ಬಂದು ಅದೇ ಅಂಕಿಯ ಮೇಲೆ ಕಾರು ನಿಲ್ಲಿಸಿ ಮಲಗಿದ್ದಾರೆ. ಎದ್ದು ಬಂದು ನೋಡಿದರೆ ಮುಂಗಾಜಿಗೆ ಹಳದಿ ಪ್ಲಾಸ್ಟಿಕ್ ಲಕೋಟೆ ಅಂಟಿದೆ. ಡ್ಯಾಶ್‌ಬೋರ್ಡಿನ ಮೇಲಿದ್ದ ಪರ್ಮಿಟ್ ಚೀಟಿ ಬಾಗಿಲು ಹಾಕಿದ ರಭಸಕ್ಕೆ ಜಾರಿ ಕಾಲಡಿಯ ಮ್ಯಾಟಿನ ಮೇಲೆ ಬಿದ್ದಿದೆ. ಪರ್ಮಿಟ್ ಕಾಣುವಂತೆ ಇಟ್ಟಿಲ್ಲ, ಆದ್ದರಿಂದ 100 ಪೌಂಡ್ ಕಟ್ಟಿ, 14 ದಿನದೊಳಗಾದರೆ 60 ಸಾಕು ಎನ್ನುತ್ತದೆ ಒಳಗಿನ ಕಾಗದ.

ಕೆಲಸಕ್ಕೆಂದು ಕರ್ನಾಟಕದಿಂದ ಹೋಗಿ ಇಂಥ ಫ್ಲ್ಯಾಟುಗಳಲ್ಲಿ ಬಾಡಿಗೆಗಿರುವವರಿಗೂ ಈ ಲಕೋಟೆ ಹೊಸದಲ್ಲ. ಹೊಸ ದೇಶ, ವೀಸಾದ ಚಿಂತೆ, ಸರ್ಕಾರದ ದಂಡವಿರಬೇಕು ಎಂಬ ಅಂಜಿಕೆ. 60 ಪೌಂಡ್ ಕಟ್ಟಿ ಕೈತೊಳೆದುಕೊಳ್ಳುವವರೇ ಹೆಚ್ಚು. ಆದರೆ ಅದು ದಂಡವಲ್ಲ. ಮೊದಲ ಎಡವು ಅಲ್ಲೇ ಆಗುತ್ತದೆ.

ಬ್ರಿಟನ್ನಿನಲ್ಲಿ ಪಿಸಿಎನ್ ಎಂಬ ಮೂರಕ್ಷರಕ್ಕೆ ಎರಡು ಅರ್ಥ. ನಗರಸಭೆ ಕೊಟ್ಟರೆ ಪೆನಾಲ್ಟಿ ಚಾರ್ಜ್ ನೋಟಿಸ್. ಅದರ ಹಿಂದೆ ಶಾಸನದ ಬಲವಿದೆ. ಖಾಸಗಿ ಕಂಪನಿ ಕೊಟ್ಟರೆ ಪಾರ್ಕಿಂಗ್ ಚಾರ್ಜ್ ನೋಟಿಸ್. ಅದು ನೀವು ಒಪ್ಪಂದ ಮುರಿದಿದ್ದೀರಿ, ಇಷ್ಟು ಹಣ ಕೊಡಿ ಎಂಬ ಕೇಳಿಕೆ ಮಾತ್ರ. ದಂಡ ಹಾಕುವ ಅಧಿಕಾರ ಖಾಸಗಿ ಕಂಪನಿಗೆ ಇಲ್ಲ. 2012ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಕಂಪನಿಗಳು ಚಕ್ರಕ್ಕೆ ಕಬ್ಬಿಣದ ಬೀಗ ಜಡಿದು ಸ್ಥಳದಲ್ಲೇ ಹಣ ಕೀಳುತ್ತಿದ್ದವು. ಆ ವರ್ಷದ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆ ಖಾಸಗಿ ಜಾಗದಲ್ಲಿ ಬೀಗ ಜಡಿಯುವುದನ್ನು ನಿಷೇಧಿಸಿತು. ಬದಲಿಗೆ ಕಂಪನಿಗಳಿಗೆ ಇನ್ನೊಂದು ದಾರಿ ಕೊಟ್ಟಿತು: ಕಾರು ಓಡಿಸಿದವರು ಯಾರೆಂದು ತಿಳಿಯದಿದ್ದರೆ, ಕೆಲವು ಷರತ್ತುಗಳಿಗೆ ಒಳಪಟ್ಟು, ಕಾರು ಯಾರ ಹೆಸರಿನಲ್ಲಿ ದಾಖಲಾಗಿದೆಯೋ ಅವರನ್ನೇ ಕೇಳಬಹುದು. ಆ ಹೆಸರು, ವಿಳಾಸವನ್ನು ವಾಹನ ದಾಖಲಾತಿ ಇಲಾಖೆಯಾದ ಡಿವಿಎಲ್‌ಎ ತಲಾ 2.50 ಪೌಂಡಿಗೆ ಕೊಡುತ್ತದೆ. ಈಗ ವರ್ಷಕ್ಕೆ ಒಂದು ಕೋಟಿಗೂ ಮಿಕ್ಕಿದ ವಿಳಾಸಗಳು ಹೀಗೆ ಕಂಪನಿಗಳ ಕೈಸೇರುತ್ತಿವೆ. (ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಕಾನೂನು ಬೇರೆ, ಈ ಅಧ್ಯಾಯ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸೀಮಿತ.)

ಎರಡನೆಯ ಎಡವು ಕನ್ನಡಿಗರದ್ದೇ. ನಮ್ಮಲ್ಲಿ ಮನೆಯನ್ನು ‘ಲೀಸಿಗೆ’ ಹಾಕಿಕೊಂಡಿದ್ದೇವೆ ಎಂದರೆ ಒಂದಷ್ಟು ಲಕ್ಷ ಇಡುಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವುದು, ಅಂದರೆ ಹಳೆಯ ಭೋಗ್ಯ. ಇಂಗ್ಲೆಂಡಿನಲ್ಲಿ ಲೀಸ್ ಎಂದರೆ ಫ್ಲ್ಯಾಟನ್ನು 99, 125, ಒಮ್ಮೊಮ್ಮೆ 999 ವರ್ಷಕ್ಕೆ ಕೊಳ್ಳುವ ಪತ್ರ. ಅಲ್ಲಿ ಫ್ಲ್ಯಾಟು ‘ಕೊಂಡವರು’ ಸಾಮಾನ್ಯವಾಗಿ ಕೊಂಡಿರುವುದು ಈ ದೀರ್ಘ ಲೀಸನ್ನೇ. ನೆಲ ಇನ್ನೊಬ್ಬರದು, ಕಟ್ಟಡ ನೋಡಿಕೊಳ್ಳುವ ಏಜೆಂಟರು ಮತ್ತೊಬ್ಬರು, ಪಾರ್ಕಿಂಗ್ ಕಂಪನಿಯನ್ನು ಕರೆತಂದು ಬೋರ್ಡು ಹಾಕಿಸುವುದು ಬಹುತೇಕ ಈ ಏಜೆಂಟರು. ನಮ್ಮ ನರ್ಸ್ ಲೀಸುದಾರರ ಬಳಿ ಬಾಡಿಗೆಗೆ ಬಂದವರು. ಆಕೆಯ ಹಕ್ಕು ಆ ದೊಡ್ಡ ಲೀಸಿನಿಂದ ಇಳಿದು ಬಂದದ್ದು. ಲೀಸುದಾರರಿಗೆ 14ನೇ ಜಾಗದ ಮೇಲೆ ಏನು ಹಕ್ಕಿದೆಯೋ ಅದನ್ನೇ ಅವರು ಬಾಡಿಗೆ ಕರಾರಿನಲ್ಲಿ ಆಕೆಗೆ ದಾಟಿಸಬಲ್ಲರು, ಅದಕ್ಕಿಂತ ಹೆಚ್ಚನ್ನಲ್ಲ. ಹಾಗಾಗಿ ಬಾಡಿಗೆ ಕರಾರೊಂದನ್ನೇ ಹಿಡಿದು ವಾದಕ್ಕೆ ಇಳಿದರೆ ಅರ್ಧ ಆಯುಧ ಮನೆಯಲ್ಲೇ ಬಿಟ್ಟು ಹೋದಂತೆ.

ಈಗ ಇಡೀ ವಿಷಯದ ಅತ್ಯಂತ ಸೊಗಸಾದ ಭಾಗಕ್ಕೆ ಬರೋಣ. ಕಂಬದ ಮೇಲಿನ ಒಂದು ಬೋರ್ಡಿನಿಂದ ಒಪ್ಪಂದ ಹುಟ್ಟುವುದಾದರೂ ಹೇಗೆ?

ಅಂಗಡಿ ಸಾಲಿನ ಮುಂದಿನ ಬಯಲಿಗೆ ಕಾರು ಬರುತ್ತದೆ. ಆ ನೆಲದ ಮೇಲೆ ಕಾರಿನವರಿಗೆ ಯಾವ ಹಕ್ಕೂ ಇಲ್ಲ. ಎರಡು ಗಂಟೆ ನಿಲ್ಲಿಸಬಹುದು, ಮೀರಿದರೆ ಇಷ್ಟು ಹಣ ಎಂದು ಬೋರ್ಡು ಹೇಳುತ್ತದೆ. ಅದನ್ನು ನೋಡಿಯೂ ನಿಲ್ಲಿಸಿದರೆ ಒಪ್ಪಿದಂತೆ. ಇಲ್ಲಿ ಕೊಡು-ಕೊಳ್ಳು ಇದೆ: ಕಂಪನಿ ಜಾಗ ಕೊಟ್ಟಿತು, ಕಾರಿನವರು ಷರತ್ತು ಪಾಲಿಸುವ ಮಾತು ಕೊಟ್ಟರು. ಷರತ್ತು ಒಪ್ಪಂದಕ್ಕೆ ಮುಂಚೆಯೇ ಕಣ್ಣಿಗೆ ಬಿದ್ದಿರಬೇಕು, ಆಮೇಲೆ ತಂದು ಅಂಟಿಸುವಂತಿಲ್ಲ ಎಂಬುದು ಹಳೆಯ ಸೂತ್ರ. 1971ರ ಥಾರ್ನ್‌ಟನ್ ವಿರುದ್ಧ ಶೂ ಲೇನ್ ಪಾರ್ಕಿಂಗ್ ಪ್ರಕರಣದಲ್ಲಿ ಲಾರ್ಡ್ ಡೆನ್ನಿಂಗ್ ಅದನ್ನು ಗಟ್ಟಿಯಾಗಿ ಹೇಳಿದರು. ಕಾನೂನು ಓದುವ ಮಕ್ಕಳಿಗೆ ಇಂದಿಗೂ ಪಾಠವಾಗಿರುವ ಆ ಪ್ರಕರಣ ಹುಟ್ಟಿದ್ದೂ ಒಂದು ಕಾರು ನಿಲ್ದಾಣದಲ್ಲೇ.

ಅದೇ ಬೋರ್ಡನ್ನು ಅಪಾರ್ಟ್‌ಮೆಂಟಿನ 14ನೇ ಜಾಗದ ಮುಂದೆ ನಿಲ್ಲಿಸಿ ನೋಡಿ. ಕಂಪನಿ ನರ್ಸ್‌ಗೆ ಏನು ಕೊಡುತ್ತಿದೆ? ಜಾಗವೆ? ಅದು ಆಗಲೇ ಲೀಸಿನ ಮೂಲಕ, ಬಾಡಿಗೆ ಕರಾರಿನ ಮೂಲಕ ಆಕೆಯದಾಗಿದೆ. ಅದಕ್ಕೆ ತಿಂಗಳು ತಿಂಗಳು ಬಾಡಿಗೆಯೂ ಸಂದಿದೆ. ಕೊಡಲು ಕಂಪನಿಯ ಕೈಯಲ್ಲಿ ಏನೂ ಉಳಿದಿಲ್ಲದ ಮೇಲೆ ಒಪ್ಪಂದ ಯಾವುದರ ಮೇಲೆ ನಿಲ್ಲಬೇಕು? ಲೀಸಿನಲ್ಲಿ ಷರತ್ತಿಲ್ಲದೆ ಜಾಗ ಕೊಟ್ಟು, ಆಮೇಲೆ ಏಜೆಂಟರ ಮೂಲಕ ಪರ್ಮಿಟ್ ಇಡದಿದ್ದರೆ 100 ಪೌಂಡ್ ಎನ್ನುವುದು ಹಸುವನ್ನು ಮಾರಿದವನು ಮರುದಿನ ಚೊಂಬು ಹಿಡಿದು ಹಾಲು ಕರೆಯಲು ಬಂದಂತೆ. ಕೊಟ್ಟದ್ದನ್ನು ಕೊಟ್ಟವನೇ ಕೊರೆಯಬಾರದು ಎಂಬ ತತ್ವ ಇಂಗ್ಲಿಷ್ ಆಸ್ತಿ ಕಾನೂನಿನಲ್ಲಿ ಬಹಳ ಹಳೆಯದು.

ನ್ಯಾಯಾಲಯಗಳೂ ಇದನ್ನು ಕಂಡಿವೆ. 2001ರ ಸಯೀದ್ ವಿರುದ್ಧ ಪ್ಲಸ್‌ಟ್ರೇಡ್ ಪ್ರಕರಣದಲ್ಲಿ ಜಮೀನಿನ ಮಾಲೀಕರು 13 ಕಾರು ನಿಲ್ಲುತ್ತಿದ್ದ ಅಂಗಳವನ್ನು ನಾಲ್ಕಕ್ಕೆ ಇಳಿಸಿದ್ದರು. ಲೀಸಿನಲ್ಲಿದ್ದದ್ದು ಜಾಗ ಖಾಲಿಯಿದ್ದರೆ ನಿಲ್ಲಿಸಬಹುದು ಎಂಬಷ್ಟು ಮೆತ್ತನೆಯ ಹಕ್ಕು. ಆದರೂ ಅದಕ್ಕೆ ಧಕ್ಕೆ ತಂದದ್ದು ತಪ್ಪೆಂದು ಮೇಲ್ಮನವಿ ನ್ಯಾಯಾಲಯ ಹೇಳಿತು. 2012ರ ಕೆಟಲ್ ವಿರುದ್ಧ ಬ್ಲೂಮ್‌ಫೋಲ್ಡ್ ಪ್ರಕರಣದಲ್ಲಿ ಪಾರ್ಕಿಂಗ್ ಇದ್ದ ಕಡೆ ಇನ್ನೊಂದು ಕಟ್ಟಡ ಎಬ್ಬಿಸಲು ಮಾಲೀಕರು ಹೊರಟಾಗ ಹೈಕೋರ್ಟ್ ತಡೆದು ನಿಲ್ಲಿಸಿತು.

ನಮ್ಮ ನರ್ಸಿನ ಕಥೆಗೆ ಇನ್ನೂ ಹತ್ತಿರವಾದದ್ದು 2016ರ ಜಾಪ್ಸನ್ ವಿರುದ್ಧ ಹೋಮ್‌ಗಾರ್ಡ್ ಸರ್ವಿಸಸ್, ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನ ಮೇಲ್ಮನವಿ ತೀರ್ಪು. ಫ್ಲ್ಯಾಟಿನ ನಿವಾಸಿಯೊಬ್ಬರು ಒಂದು ಮೇಜನ್ನು ಒಳಗೆ ಸಾಗಿಸಲು ಬಾಗಿಲ ಬಳಿ ಕಾರು ನಿಲ್ಲಿಸಿದ್ದರು, ಚಾರ್ಜ್ ನೋಟಿಸ್ ಬಿತ್ತು. ನ್ಯಾಯಾಧೀಶ ಚಾರ್ಲ್ಸ್ ಹ್ಯಾರಿಸ್ ಕೇಳಿದ ಪ್ರಶ್ನೆ ಸರಳ: ನಿಲ್ಲಿಸಿದ್ದೆಲ್ಲ ಪಾರ್ಕಿಂಗೇ? ಹಾಗಾದರೆ ಸಂಚಾರ ದಟ್ಟಣೆಯಲ್ಲಿ ಸಿಕ್ಕಿ ರಸ್ತೆಯಲ್ಲಿ ನಿಂತ ಕಾರುಗಳೆಲ್ಲ ಪಾರ್ಕ್ ಮಾಡಿದವೇ ಆಗಬೇಕು. ಅಂಚೆ, ದಿನಸಿ ತರುವವರು ಬಾಗಿಲ ಬಳಿ ನಿಲ್ಲಲೇಬೇಕು. ಮಕ್ಕಳನ್ನೋ ಕೈಲಾಗದವರನ್ನೋ ಇಳಿಸಬೇಕು. ಇಷ್ಟಕ್ಕೂ ಅವಕಾಶವಿಲ್ಲದಿದ್ದರೆ ಅಪಾರ್ಟ್‌ಮೆಂಟಿನಲ್ಲಿ ಬದುಕುವುದಾದರೂ ಹೇಗೆ ಎಂಬುದು ಅವರ ತರ್ಕ. ಲೀಸು ಕೊಟ್ಟ ಹಕ್ಕನ್ನು ಆಮೇಲೆ ಬಂದ ಬೋರ್ಡು ಕಿತ್ತುಕೊಳ್ಳಲಾರದು ಎಂದೂ ಹೇಳಿದರು. ಈ ಕಿರುತೀರ್ಪು ಹುಡುಕಿ ಓದಲು ಯೋಗ್ಯವಾದದ್ದು. ಭಾಷೆ ಅಷ್ಟು ತಿಳಿ. ಕೌಂಟಿ ಕೋರ್ಟಿನದಾದ್ದರಿಂದ ಇದು ಬೇರೆ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ, ಆದರೆ ಅವರ ಮುಂದಿಟ್ಟರೆ ತೂಕವಿದೆ.

ಇಷ್ಟಾದರೂ ಕಂಪನಿಗಳ ಪ್ರತಿ ಉತ್ತರದಲ್ಲೂ ಒಂದು ಹೆಸರು ಬಂದೇ ಬರುತ್ತದೆ: ಬೀವಿಸ್. ಚೆಲ್ಮ್ಸ್‌ಫರ್ಡಿನ ರಿವರ್‌ಸೈಡ್ ಅಂಗಡಿ ಸಮುಚ್ಚಯದಲ್ಲಿ 2013ರ ಏಪ್ರಿಲ್‌ನಲ್ಲಿ ಬೀವಿಸ್ ಎಂಬವರ ಕಾರು ಎರಡು ಗಂಟೆಯ ಉಚಿತ ಅವಧಿ ಮೀರಿ 56 ನಿಮಿಷ ನಿಂತಿತ್ತು. ಕೇಳಿದ್ದು 85 ಪೌಂಡ್. ಅದು ಕಂಪನಿಗೆ ಆದ ನಷ್ಟಕ್ಕಿಂತ ಬಹಳ ಹೆಚ್ಚು, ಹಾಗಾಗಿ ಸಲ್ಲದ ದಂಡ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರ ನವೆಂಬರ್ 4ರಂದು ಕೋರ್ಟು ಕಂಪನಿಯ ಪರ ನಿಂತಿತು. ಲಾರ್ಡ್ ಟೌಲ್ಸನ್ ಒಬ್ಬರದು ಭಿನ್ನ ತೀರ್ಪು. ಅಂದಿನಿಂದ ಯಾವ ಚಾರ್ಜನ್ನೂ ಪ್ರಶ್ನಿಸಿ ಗೆಲ್ಲಲಾಗದು ಎಂಬ ಮಾತು ಹಬ್ಬಿದೆ. ಈ ತಪ್ಪು ತಿಳಿವಳಿಕೆಯನ್ನು ಕಳೆಯಲು ತೀರ್ಪಿನ ಒಳಕ್ಕೇ ಹೋಗಬೇಕು.

ಕೋರ್ಟು ಕೇಳಿದ್ದು ಹಣ ಹೆಚ್ಚೇ ಕಡಿಮೆಯೇ ಎಂದಷ್ಟೇ ಅಲ್ಲ. ಈ ಚಾರ್ಜಿನ ಹಿಂದೆ ಕಾಪಾಡಬೇಕಾದ ನ್ಯಾಯವಾದ ಹಿತಾಸಕ್ತಿ ಇದೆಯೇ, ಇದ್ದರೆ ಮೊತ್ತ ಅದಕ್ಕೆ ಹೊಂದುವಂತಿದೆಯೇ ಎಂದು ಕೇಳಿತು. ಅಂಗಡಿಗಳಿಗೆ ಗಿರಾಕಿಗಳು ಬಂದುಹೋಗುತ್ತಿರಬೇಕಾದರೆ ಕಾರುಗಳು ಕದಲುತ್ತಿರಬೇಕು. ಅದು ನ್ಯಾಯವಾದ ಹಿತಾಸಕ್ತಿ. ಸುಮಾರು 20 ದೊಡ್ಡ ಬೋರ್ಡುಗಳಿದ್ದವು. ಎರಡು ಗಂಟೆ ಉಚಿತ ನಿಲುಗಡೆ ಎಂಬ ನಿಜವಾದ ಕೊಡುಗೆಯೂ ಇತ್ತು. ಆ ಜಾಗ ನಡೆಸುವ ಅವಕಾಶಕ್ಕಾಗಿ ಕಂಪನಿಯೇ ಮಾಲೀಕರಿಗೆ ವಾರಕ್ಕೆ 1,000 ಪೌಂಡ್ ಕೊಡುತ್ತಿತ್ತು.

ಇದೇ ಅಳತೆಗೋಲನ್ನು 14ನೇ ಜಾಗಕ್ಕೆ ಹಿಡಿಯಬೇಕು. ಅಲ್ಲಿ ಕಾರು ಕದಲುತ್ತಿರಬೇಕಾದ ಅಗತ್ಯವಿಲ್ಲ, ರಾತ್ರಿಯಿಡೀ ಅಲ್ಲೇ ನಿಲ್ಲಲೆಂದೇ ಜಾಗ ಗುರುತಿಸಿದ್ದು. ಪರ್ಮಿಟ್ ಪದ್ಧತಿ ತಂದದ್ದು ಹೊರಗಿನವರ ಕಾರು ಬಾರದಿರಲಿ, ನಿವಾಸಿಗೆ ತೊಂದರೆಯಾಗದಿರಲಿ ಎಂದು. ಚೀಟಿ ಮ್ಯಾಟಿನ ಮೇಲೆ ಬಿತ್ತೆಂದು ಆ ನಿವಾಸಿಯಿಂದಲೇ 100 ಪೌಂಡ್ ಕೇಳುವುದರಲ್ಲಿ ಯಾರ ಹಿತ ಕಾಪಾಡಿದಂತಾಯಿತು? ಬೀವಿಸ್ ತೀರ್ಪು ನಿವಾಸಿಗೆ ಎದುರಾಳಿ ಎಂದು ತಿಳಿಯುವ ಬದಲು, ಅದರ ಪ್ರಶ್ನೆಗಳನ್ನೇ ಎತ್ತಿಕೊಂಡು ಕಂಪನಿಗೆ ಕೇಳುವುದು ಜಾಣತನ.

ಆದರೆ ಪ್ರತಿ ನಿವಾಸಿಯೂ ಗೆಲ್ಲುತ್ತಾರೆಂದು ಭಾವಿಸಬಾರದು. ಎಷ್ಟೋ ಲೀಸುಗಳಲ್ಲಿ, ಎಸ್ಟೇಟಿನ ಸುವ್ಯವಸ್ಥೆಗಾಗಿ ಮಾಲೀಕರು ಕಾಲಕಾಲಕ್ಕೆ ಮಾಡುವ ನಿಯಮಗಳನ್ನು ಪಾಲಿಸತಕ್ಕದ್ದು ಎಂಬ ಒಂದು ಸಾಲು ಹಿಂದಿನ ಪುಟಗಳಲ್ಲಿ ಅಡಗಿರುತ್ತದೆ. ಕಂಪನಿಯ ವಕೀಲರು ಹಿಡಿಯುವುದು ಅದನ್ನೇ. ಅದಕ್ಕೆ ಉತ್ತರವಿಲ್ಲದಿಲ್ಲ. ನಿಯಮ ಮಾಡುವ ಅಧಿಕಾರ ಒಂದು, ನಿಯಮ ಮುರಿದರೆ ಮೂರನೆಯ ಕಂಪನಿಗೆ 100 ಪೌಂಡ್ ಕೊಡಬೇಕೆಂಬ ಸಾಲ ಇನ್ನೊಂದು. ಮೊದಲನೆಯದರಿಂದ ಎರಡನೆಯದು ತಾನಾಗಿ ಹುಟ್ಟುವುದಿಲ್ಲ ಎಂದು ವಾದಿಸಬಹುದು. ಇನ್ನು ಲೀಸಿನ ಮಾತನ್ನೇ ಬದಲಿಸಬೇಕೆಂದರೆ ಅದಕ್ಕೂ ಕ್ರಮವಿದೆ. 1987ರ ಭೂಮಾಲೀಕ-ಬಾಡಿಗೆದಾರ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಒಂಬತ್ತು ಅಥವಾ ಹೆಚ್ಚು ಲೀಸುಗಳಿರುವ ಕಡೆ ಶೇ 75ರಷ್ಟು ಮಂದಿ ಒಪ್ಪಿ, ಶೇ 10ಕ್ಕಿಂತ ಹೆಚ್ಚು ಮಂದಿ ವಿರೋಧಿಸದಿದ್ದರೆ ಟ್ರಿಬ್ಯೂನಲ್ ಮುಂದೆ ಬದಲಾವಣೆ ಕೇಳಬಹುದು. ಕಂಬ ನೆಟ್ಟು ಬೋರ್ಡು ತೂಗಿದರೆ ಆ ಕ್ರಮ ಪೂರೈಸಿದಂತಾಗದು. ಆದರೆ ಲೀಸಿನಲ್ಲೇ ‘ಪರ್ಮಿಟ್ ತೋರಿಸುವ ಷರತ್ತಿನ ಮೇಲೆ’ ಎಂದಿದ್ದರೆ ನಿವಾಸಿಯ ನೆಲ ನಿಜಕ್ಕೂ ಸಡಿಲ.

ಇನ್ನು ನಡೆಯಬೇಕಾದ ದಾರಿ. ಲಕೋಟೆಯನ್ನು ಕಸದಬುಟ್ಟಿಗೆ ಎಸೆದು ಸುಮ್ಮನಿರುವ ಕಾಲ 2012ಕ್ಕೇ ಮುಗಿಯಿತು. ಮೊದಲು ಏಜೆಂಟರಿಗೂ ಮನೆ ಮಾಲೀಕರಿಗೂ ಬರೆಯಬೇಕು. ಕಂಪನಿಯನ್ನು ನೇಮಿಸಿದ್ದು ಬಹುತೇಕ ಏಜೆಂಟರೇ, ರದ್ದು ಮಾಡಿ ಎಂದು ಹೇಳಲು ಅವರಿಗೆ ಸಾಧ್ಯ. ಜೊತೆಗೆ ಲೀಸಿನ ಪುಟಗಳನ್ನು ಲಗತ್ತಿಸಿ ಕಂಪನಿಗೆ ಆಕ್ಷೇಪಣೆ ಕಳಿಸಬೇಕು. ಕಾರು ಓಡಿಸಿದವರು ಯಾರೆಂದು ಖಾಸಗಿ ಕಂಪನಿಗೆ ಹೇಳಲೇಬೇಕೆಂಬ ಕಾನೂನಿಲ್ಲ. ಸುಳ್ಳು ಹೇಳಕೂಡದು, ಅಷ್ಟೇ. ಹೇಳದಿದ್ದಾಗ ದಿನಗಳ ಲೆಕ್ಕ ಮುಖ್ಯವಾಗುತ್ತದೆ. ಗಾಜಿಗೆ ಚೀಟಿ ಅಂಟಿಸಿದ್ದರೆ ಕಾರಿನ ದಾಖಲೆದಾರರಿಗೆ ನೋಟಿಸು 29ನೇ ದಿನದಿಂದ 56ನೇ ದಿನದೊಳಗೆ ತಲುಪಬೇಕು. ಕ್ಯಾಮೆರಾ ನೋಡಿ ಕಳಿಸಿದ್ದಾದರೆ 14 ದಿನದೊಳಗೆ. ತಪ್ಪಿದರೆ ದಾಖಲೆದಾರರನ್ನು ಹೊಣೆ ಮಾಡುವ ಅವಕಾಶ ಕಂಪನಿಗೆ ತಪ್ಪುತ್ತದೆ.

ಕಂಪನಿ ಒಪ್ಪದಿದ್ದರೆ, ಅದು ಸದಸ್ಯವಾಗಿರುವ ಉದ್ಯಮ ಸಂಘವನ್ನು ನೋಡಿ ಪಾಪ್ಲಾ ಅಥವಾ ಐಎಎಸ್ ಎಂಬ ಮೇಲ್ಮನವಿ ವೇದಿಕೆ. ಪಾಪ್ಲಾದ ತೀರ್ಮಾನ ಕಂಪನಿಯನ್ನು ಕಟ್ಟುತ್ತದೆ, ಕಾರಿನವರನ್ನಲ್ಲ. ಅಲ್ಲಿ ಸೋತರೂ ಕೋರ್ಟಿನಲ್ಲಿ ವಾದ ಉಳಿದಿರುತ್ತದೆ. ಬಳಿಕ ಸಾಲ ವಸೂಲಿಯವರ ಕೆಂಪಕ್ಷರದ ಪತ್ರಗಳು ಬರಬಹುದು, 100 ಪೌಂಡ್ 170 ಆಗಬಹುದು. ಸಾಲ ವಸೂಲಿಗಾರರು ಕೋರ್ಟಿನ ಅಮೀನರಲ್ಲ, ಮನೆಗೆ ಬಂದು ಸಾಮಾನು ಹೊರುವ ಅಧಿಕಾರ ಅವರಿಗಿಲ್ಲ. ದಾಖಲೆದಾರರಿಂದ 2012ರ ಕಾಯ್ದೆಯಡಿ ವಸೂಲು ಮಾಡಬಹುದಾದದ್ದು ಅವರಿಗೆ ಬಂದ ನೋಟಿಸಿನಲ್ಲಿದ್ದ ಮೊತ್ತದವರೆಗೆ ಮಾತ್ರ.

ಕಡೆಗಣಿಸಲೇಬಾರದ ಎರಡು ಕಾಗದಗಳಿವೆ. ಒಂದು, ದಾವೆ ಹೂಡುವ ಮುನ್ನಿನ ಪತ್ರ. ಉತ್ತರಿಸಲು 30 ದಿನ. ಇನ್ನೊಂದು, ಕೌಂಟಿ ಕೋರ್ಟಿನ ದಾವೆ ನಮೂನೆ. ಅದು ಜಾರಿಯಾದ 14 ದಿನದೊಳಗೆ ಬಂದಿದೆಯೆಂದು ತಿಳಿಸಿದರೆ ಪ್ರತಿವಾದ ಸಲ್ಲಿಸಲು ಒಟ್ಟು 28 ದಿನ ಸಿಗುತ್ತದೆ. ಮನೆ ಬದಲಿಸಿ ಡಿವಿಎಲ್‌ಎಗೆ ಹೊಸ ವಿಳಾಸ ಕೊಡದ ಬಾಡಿಗೆದಾರರು ಇಲ್ಲೇ ಸಿಕ್ಕಿಬೀಳುತ್ತಾರೆ. ಹಳೆಯ ಮನೆಯ ಬಾಗಿಲಿಗೆ ಕಾಗದ ಬಂದು ಬೀಳುತ್ತದೆ, ಉತ್ತರವಿಲ್ಲದೆ ಏಕಪಕ್ಷೀಯ ತೀರ್ಪಾಗುತ್ತದೆ, ಒಂದು ತಿಂಗಳೊಳಗೆ ಹಣ ಕಟ್ಟದಿದ್ದರೆ ಅದು ಆರು ವರ್ಷ ದಾಖಲೆಯಲ್ಲಿ ಉಳಿದು ಮನೆ ಸಾಲಕ್ಕೂ ಅಡ್ಡ ಬರುತ್ತದೆ. ಗೆಲ್ಲಬಹುದಾಗಿದ್ದ ವಾದವನ್ನು ಒಂದು ವಿಳಾಸದಿಂದ ಸೋಲುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಶಾಸನದ ಕೆಲಸ ಇನ್ನೂ ಮುಗಿದಿಲ್ಲ. 2019ರಲ್ಲಿ ಪಾರ್ಕಿಂಗ್ ನೀತಿಸಂಹಿತೆ ಕಾಯ್ದೆ ಬಂತು. 2022ರ ಫೆಬ್ರುವರಿಯಲ್ಲಿ ಸರ್ಕಾರ ಸಂಹಿತೆ ಪ್ರಕಟಿಸಿ, ಕಂಪನಿಗಳು ಕೋರ್ಟಿಗೆ ಹೋದಾಗ ಜೂನ್‌ನಲ್ಲಿ ಹಿಂತೆಗೆದುಕೊಂಡಿತು. 2024ರ ಅಕ್ಟೋಬರ್‌ನಿಂದ ನಡೆಯುತ್ತಿರುವುದು ಉದ್ಯಮ ತಾನೇ ಬರೆದುಕೊಂಡ ಸಂಹಿತೆ. 2025ರ ಜುಲೈನಲ್ಲಿ ಸರ್ಕಾರ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಿತು.

ಹಾಗಾಗಿ ಓದಬೇಕಾದದ್ದು ಲೀಸನ್ನೇ, ಚಾರ್ಜ್ ನೋಟಿಸ್ ಬೀಳುವ ಮುಂಚೆಯೇ. ಮನೆ ಮಾಲೀಕರು ಕೊಡದಿದ್ದರೆ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಶುಲ್ಕ ಕಟ್ಟಿ ಯಾರು ಬೇಕಾದರೂ ಪ್ರತಿ ಕೇಳಬಹುದು. ಮೂವತ್ತು ನಲವತ್ತು ಪುಟ ಕಂಡು ಕಂಗೆಡಬೇಕಿಲ್ಲ. ಲೀಸುದಾರರಿಗೆ ಕೊಟ್ಟ ಹಕ್ಕುಗಳ ಪಟ್ಟಿ, ನಿಯಮ ಮಾಡುವ ಅಧಿಕಾರದ ಸಾಲು, ಕೊನೆಯಲ್ಲಿ ಲಗತ್ತಾದ ನಕ್ಷೆ, ಈ ಮೂರನ್ನು ಬಿಡಿಸಿಟ್ಟುಕೊಂಡರೆ ಸಾಕು. ನಕ್ಷೆಯಲ್ಲಿ ಫ್ಲ್ಯಾಟಿನ ಸುತ್ತ ಸಾಮಾನ್ಯವಾಗಿ ಕೆಂಪು ಗೆರೆ ಎಳೆದಿರುತ್ತದೆ. 14ನೇ ಜಾಗದ ಸುತ್ತಲೂ ಅದೇ ಕೆಂಪು ಗೆರೆ ಇದ್ದರೆ ಆ ನೆಲವೇ ಲೀಸಿಗೆ ಸೇರಿದ್ದೆಂದು ವಾದಿಸಬಹುದು. ಬೇರೆ ಬಣ್ಣ ಬಳಿದಿದ್ದರೆ ಬಹುಶಃ ಕಾರು ನಿಲ್ಲಿಸುವ ಹಕ್ಕು ಮಾತ್ರ, ಆಗ ಆ ಬಣ್ಣದ ಅರ್ಥವೇನೆಂದು ಮೊದಲ ಪುಟಗಳ ವ್ಯಾಖ್ಯೆಗಳಲ್ಲಿ ಹುಡುಕಬೇಕು.