ಹಿತ್ತಲ ಗಿಡ ಮದ್ದೇ?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ವರ್ಷ ವಿವರಿಸಿದವನು ನಾನು. ನಮ್ಮ ಮನೆಯಲ್ಲಿ ಮಾತ್ರ ಆ ಗಾದೆ ತಿರುವುಮುರುವಾಯಿತು.

ಮಳೆ ಬಿದ್ದೊಡನೆ ಕೆಸರೆಯ ನಮ್ಮ ಹಿತ್ತಲಲ್ಲಿ ನೆಲನೆಲ್ಲಿ ತಾನಾಗಿ ಏಳುತ್ತದೆ. ಕಾಮಾಲೆಯಾದವರಿಗೆ ಅದನ್ನು ಅರೆದು ಮಜ್ಜಿಗೆಯಲ್ಲಿ ಕುಡಿಸುವುದು ನಮ್ಮ ತಾಯಿಯ ಕಾಲದಿಂದ ಬಂದ ರೂಢಿ. 2009ರಲ್ಲಿ ರಕ್ತದಾನಕ್ಕೆ ಹೋದ ನನ್ನ ತಮ್ಮನಿಗೆ ಹೆಪಟೈಟಿಸ್ ಬಿ ಇರುವುದು ತಿಳಿಯಿತು. ಅವನೂ ಗಿಡವನ್ನೇ ನಂಬಿದ. ‘ಕುಡಿಯಪ್ಪ, ಗುಣವಾಗುತ್ತದೆ’ ಎಂದವರಲ್ಲಿ ನಾನೂ ಒಬ್ಬ. ಆರು ವರ್ಷಗಳ ಬಳಿಕ ಯಕೃತ್ತು ಕೆಟ್ಟು ತೀರಿಕೊಂಡ.

ಹಾಗಾದರೆ ಗಿಡದ ಗುಣ ಬರಿಯ ಸುಳ್ಳೇ? ಪ್ರಯೋಗಾಲಯದ ಉತ್ತರ ಅಷ್ಟು ಸರಳವಲ್ಲ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಅವರ ತಂಡವು, ಈ ವೈರಸ್ಸಿನ ಶೋಧಕ್ಕಾಗಿ 1976ರ ನೊಬೆಲ್ ಪಡೆದ ಬ್ಲೂಂಬರ್ಗ್ ಅವರೊಡಗೂಡಿ, ನೆಲನೆಲ್ಲಿಯ ಪುಡಿಯನ್ನು ರೋಗವಾಹಕರಿಗೆ ಮೂವತ್ತು ದಿನ ಕೊಟ್ಟು ನೋಡಿತು. 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮರೆಯಾಯಿತೆಂದು ‘ಲ್ಯಾನ್ಸೆಟ್’ ಪತ್ರಿಕೆ ವರದಿ ಮಾಡಿತು; ಹುಸಿಮದ್ದು ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಆದರೆ ಮುಂದೆ ಥಾಯ್ಲೆಂಡಿನಲ್ಲಿ ಪರೀಕ್ಷಿಸಿದಾಗ ಆ ಫಲ ದೊರೆಯಲಿಲ್ಲ. 2011ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೌಮಿತ್ರ ದಾಸ್ ಅವರ ತಂಡವು, ಇದೇ ಗಿಡದ ಸಾರವು ಹೆಪಟೈಟಿಸ್ ಸಿ ವೈರಸ್ಸಿನ ಕಿಣ್ವಗಳನ್ನು ತಡೆಯುವುದನ್ನು ಕಂಡಿತು. ಆದರೂ ಪ್ರಯೋಗಾಲಯದ ಜೀವಕೋಶದಿಂದ ರೋಗಿಯ ಹಾಸಿಗೆಯವರೆಗಿನ ದಾರಿ ಬಲು ದೀರ್ಘವಾದುದು.

ನಾವು ಮೋಸಹೋದದ್ದೆಲ್ಲಿ? ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಕೀರ್ತಿ ಗಿಡಕ್ಕೆ ಸಲ್ಲುತ್ತದೆ. ಬಿ ವೈರಸ್ಸಾದರೋ ಯಕೃತ್ತಿನ ಜೀವಕೋಶದ ಕೇಂದ್ರದಲ್ಲಿ ತನ್ನ ಡಿಎನ್‌ಎಯನ್ನು ಉಂಗುರದಂತೆ ಅಡಗಿಸಿಟ್ಟು, ಕಣ್ಣು ಹಳದಿಯಾಗದೆಯೇ ದಶಕಗಳ ಕಾಲ ಕುಳಿತಿರಬಲ್ಲದು. ಟೆನೊಫೊವಿರ್‌ನಂಥ ಔಷಧಗಳು ಅದರ ವೃದ್ಧಿಯನ್ನು ತಡೆದು ಯಕೃತ್ತನ್ನು ಕಾಪಾಡುತ್ತವೆ. ಬೇರುಸಹಿತ ಕಿತ್ತೊಗೆಯುವುದು ವಿರಳ. ಹೆಪಟೈಟಿಸ್ ಸಿ ಮಾತ್ರ ಸಾಮಾನ್ಯವಾಗಿ ಹನ್ನೆರಡು ವಾರಗಳ ಮಾತ್ರೆಗಳಿಂದ ಬಹುತೇಕ ಗುಣವಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇವೆರಡಕ್ಕೂ ಪರೀಕ್ಷೆ, ಚಿಕಿತ್ಸೆ ಉಚಿತ. ಬಿ ಬಾರದಂತೆ ತಡೆಯಲು ಲಸಿಕೆಯುಂಟು. ಹುಟ್ಟಿದ 24 ಗಂಟೆಗಳೊಳಗೆ ಅದರ ಮೊದಲ ಚುಚ್ಚುಮದ್ದು ಮಗುವಿಗೆ ಬೀಳಬೇಕು.

ತಮ್ಮನ ಮಗನ ರಕ್ತ ಪರೀಕ್ಷೆ ಮಾಡಿಸಿದೆವು. ಸೋಂಕಿರಲಿಲ್ಲ, ಲಸಿಕೆ ಹಾಕಿಸಿದೆವು. ಈ ಮಳೆಗೂ ನೆಲನೆಲ್ಲಿ ಎದ್ದಿದೆ. ಅದನ್ನು ಕಿತ್ತುಹಾಕಲು ಮನಸ್ಸು ಬರಲಿಲ್ಲ. ಪರೀಕ್ಷಿಸದೆ ನಂಬಿದ ತಪ್ಪು ನನ್ನದು.